ಕಡಲ ಬೋಟಿಗೆ ತುಮಕೂರಿನ ಬಿಸಿಲು

ಬೋಟು ನಮ್ಮ ಶೆಡ್ಡಿಗೆ ಬಂದಿದ್ದು ಸಂಕ್ರಾಂತಿ ಕಳೆದ ಮೂರನೇ ದಿನ. 18 ಅಡಿ ಉದ್ದ, ಏಳೂಕಾಲು ಅಡಿ ಅಗಲದ ಫೈಬರ್ ಬೋಟು. ಮುಂದೆ ಇಬ್ಬರು ಕಾಲು ಚಾಚಿ ಮಲಗುವಷ್ಟು ಪುಟ್ಟ ಕ್ಯಾಬಿನ್, ಹಿಂದೆ ತೆರೆದ ಜಾಗ, ಹಿಂಬದಿಗೆ ಹೊರಗಡೆ ನೇತು ಹಾಕುವ 60 ಎಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್. ನಾನೂ ಬ್ರಹ್ಮಾವರದ ಭಾವನೂ ಸೇರಿ 4,20,000 ರೂಪಾಯಿಗೆ ಕೊಂಡಿದ್ದು. ಭಾವನಿಗೆ ಮೀನು ಹಿಡಿಯುವ ಆಸೆ. ನನಗೆ ಮನೆಯವರನ್ನೆಲ್ಲ, ಮುಖ್ಯವಾಗಿ ಅಮ್ಮನನ್ನ, ಒಂದು ದಿನ ನೀರಿನ ಮೇಲೆ ಕೂರಿಸಬೇಕು ಅನ್ನುವ ಆಸೆ.

ಲಾರಿ ಶಿರಾಡಿ ಘಾಟಿ ಹತ್ತಿ, ಹಾಸನ, ಚನ್ನರಾಯಪಟ್ಟಣ, ಯಡಿಯೂರು, ಕುಣಿಗಲ್ ದಾಟಿ ಬಂತು. ಇಳಿಸುವಾಗ ಬೀದಿಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. ಕಡಲ ಬೋಟನ್ನ ಯಾಕೆ ತುಮಕೂರಿಗೆ ತಂದ್ರಿ?

ಉತ್ತರ ಸುಲಭ. ಈ ಬೋಟಿಗೆ ಮೊದಲು ಬೇಕಾಗಿದ್ದು ಒಣಗುವ ಜಾಗ. ಕರಾವಳಿಯ ಗಾಳಿಯಲ್ಲಿ ಬೇಸಿಗೆಯಲ್ಲೂ ತೇವ ಇರುತ್ತೆ. ನಮ್ಮಲ್ಲಿ ಫೆಬ್ರವರಿಯಿಂದ ಏಪ್ರಿಲ್ ತನಕ ಬೆಳಿಗ್ಗೆ ಹಾಕಿದ ಬಟ್ಟೆ ಹತ್ತು ಗಂಟೆಗೆ ಗರಿಗರಿ. ಜೊತೆಗೆ ಮೋಟಾರ್ ರಿವೈಂಡಿಂಗ್ ಮಾಡುವ ನನ್ನ ಶೆಡ್ಡಿನಲ್ಲಿ ಭಾರ ಎತ್ತುವ ಚೈನ್ ಬ್ಲಾಕ್ ಇದೆ, ಗ್ರೈಂಡರ್ ಇದೆ, ಕರೆಂಟು ಇದೆ.

ಲಾರಿಯಿಂದ ಇಳಿಸಿದ ತಕ್ಷಣ ತಳದ ಬಿರಡೆ ತೆಗೆದೆ. ನೀರು ಬಂತು. ನಿಂತಿತು ಅಂದುಕೊಂಡೆ. ರಾತ್ರಿ ನೋಡಿದರೆ ಮತ್ತೆ ತೊಟ್ಟಿಕ್ಕುತ್ತಿದೆ. ಹಾಗೇ ಮೂರು ದಿನ ತೊಟ್ಟಿಕ್ಕಿತು. ಬೋಟು ಮಾರಿದವರು "ಮಳೆ ನೀರು ಅಷ್ಟೇ" ಅಂದಿದ್ದರು. ಬೆರಳಿಗೆ ಒಂದು ಹನಿ ತಗೊಂಡು ನಾಲಿಗೆಗೆ ಮುಟ್ಟಿಸಿದೆ. ಉಪ್ಪು. ಅಂದರೆ ಮೇಲಿಂದ ಬಿದ್ದ ನೀರಲ್ಲ. ಕೆಳಗಿಂದ, ಇಲ್ಲಾ ಹಿಂದಿನಿಂದ ಒಳಗೆ ಹೊಕ್ಕ ನೀರು.

ಹುಡುಕುವುದಕ್ಕೆ ದುಬಾರಿ ಮೀಟರ್ ಬೇಕಿಲ್ಲ. ಸಣ್ಣ ಸುತ್ತಿಗೆಯ ಮರದ ಹಿಡಿಯಿಂದ ಅಂಗೈ ಅಗಲಕ್ಕೊಂದು ಕಡೆ ತಟ್ಟುತ್ತಾ ಹೋಗಬೇಕು. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತೆ. ಒಳಗೆ ಪದರ ಬಿಟ್ಟುಕೊಂಡಿದ್ದರೆ, ಕೊಳೆತಿದ್ದರೆ ಡಬ್ ಅನ್ನುತ್ತೆ. ತಳ, ಎರಡು ಪಕ್ಕ, ಮುಂಭಾಗ ಎಲ್ಲಾ ಚೆನ್ನಾಗಿತ್ತು. ಇಂಜಿನ್ ನೇತು ಹಾಕುವ ಹಿಂಗೋಡೆ, ಟ್ರಾನ್ಸಮ್ ಅಂತಾರೆ, ಅದರ ಬಲಗಡೆ ಕೆಳಭಾಗ ಪೂರ್ತಿ ಡಬ್. ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋದೆ. ಗುರುತೆಲ್ಲ ಸೇರಿ ಬೀಸಣಿಗೆಯ ಆಕಾರ ಬಂತು. ಬೀಸಣಿಗೆಯ ಬುಡದಲ್ಲಿ ಮೂರು ಸಣ್ಣ ಸ್ಕ್ರೂ.

ಮೀನು ಎಲ್ಲಿದೆ ಅಂತ ತೋರಿಸುವ ಯಂತ್ರದ ಸೆನ್ಸರ್ ಕೂರಿಸಲು ಹಿಂದೆ ಯಾರೋ ಹಾಕಿದ್ದ ಸ್ಕ್ರೂ ಅವು. ಫೈಬರ್ ತೂತು ಮಾಡಿ, ಅಂಟು ಹಾಕದೆ ಸುಮ್ನೆ ತಿರುಗಿಸಿ ಬಿಟ್ಟಿದ್ದಾರೆ. ಅದೂ ನೀರಿನ ಮಟ್ಟಕ್ಕಿಂತ ಕೆಳಗೆ. ಟ್ರಾನ್ಸಮ್ ಅಂದರೆ ಎರಡು ಪದರ ಫೈಬರ್, ನಡುವೆ ಪ್ಲೈವುಡ್. ಪ್ಲೈವುಡ್ಡಿನ ನಾರು ನೀರನ್ನ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಎಳೆಯುತ್ತೆ. ಹೊರಗಿಂದ ನೋಡಿದರೆ ಬಿಳಿ ಬಣ್ಣ ಫಳಫಳ. 110 ಕೆ.ಜಿ ಇಂಜಿನ್ ನೇತಾಡುವ ಗೋಡೆ ಇದು. ಹಳೇ ಬೋಟು ನೋಡಲು ಹೋಗುವವರು ಸೀಟು, ಬಣ್ಣ ನೋಡುವ ಮೊದಲು ಇಂಜಿನ್ ಮೇಲಕ್ಕೆ ಎತ್ತಿಸಿ, ಅದರ ಕೆಳತುದಿ ಹಿಡಿದು ಭಾರ ಹಾಕಿ ಅಲ್ಲಾಡಿಸಿ. ಗೋಡೆ ಒಂದು ಚೂರು ಬಾಗಿದರೂ ಕಣ್ಣಿಗೆ ಕಾಣುತ್ತೆ. ನಾವು ಕೊಳ್ಳುವ ದಿನ ಇದನ್ನ ಮಾಡಲಿಲ್ಲ. ಮಾಡಿದ್ದರೆ ಬೆಲೆ ಇಳಿಸಬಹುದಿತ್ತು.

ಚೈನ್ ಬ್ಲಾಕ್‌ನಲ್ಲಿ ಇಂಜಿನ್ ಇಳಿಸಿ ಪಕ್ಕಕ್ಕಿಟ್ಟೆ. ಬೋಟನ್ನ ಹುಣಸೆಹಣ್ಣು ತೂಗುವ ವೇಬ್ರಿಡ್ಜಿಗೆ ಒಯ್ದೆವು. ಲಾರಿಯ ತೂಕ ಕಳೆದು 790 ಕೆ.ಜಿ. ಹತ್ತು ಕೆ.ಜಿ ಹೆಚ್ಚು ಕಮ್ಮಿ ಇರಬಹುದು. ಈ ಒಂದು ಅಂಕಿ ಮುಂದೆ ತುಂಬಾ ಉಪಯೋಗಕ್ಕೆ ಬಂತು.

ಒಳಗಿನ ಫೈಬರ್ ಪದರವನ್ನ ಗ್ರೈಂಡರಿನಲ್ಲಿ ಕತ್ತರಿಸಿ ತೆಗೆದೆ. ಹೊರಗಿನ ಪದರ ಮುಟ್ಟಲಿಲ್ಲ. ಅದು ಉಳಿದರೆ ಬೋಟಿನ ಆಕಾರ ಉಳಿಯುತ್ತೆ, ಹೊಸ ಹಲಗೆ ಒತ್ತಿ ಕೂರಿಸಲು ಅಚ್ಚೂ ಆಗುತ್ತೆ. ಸುತ್ತ ಎರಡು ಇಂಚು ಅಂಚು ಬಿಟ್ಟುಕೊಂಡೆ. ಫೈಬರ್ ಅಂದರೆ ಗಾಜಿನ ಎಳೆ, ಅದರ ಪುಡಿ ಚರ್ಮಕ್ಕೆ ತಾಗಿದರೆ ಎರಡು ದಿನ ತುರಿಕೆ. ಮುಖಕ್ಕೆ ಫಿಲ್ಟರ್ ಇರುವ ಮಾಸ್ಕ್, ಕನ್ನಡಕ, ತುಂಬು ತೋಳಿನ ಅಂಗಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಕೆಲಸ ಆದ ಮೇಲೆ ತಣ್ಣೀರಲ್ಲೇ ಸ್ನಾನ ಮಾಡಿ.

ಒಳಗಿದ್ದ ಪ್ಲೈವುಡ್ ನೆನೆಸಿದ ಬೂಸಾ ತರಹ ಇತ್ತು. ಕರಣೆಯಲ್ಲಿ ಬಾಚಿ ಬಕೆಟ್ಟಿಗೆ ತುಂಬಿದೆವು. ಎಡಗಡೆ ಮೇಲ್ಭಾಗದ ಮರ ಮಾತ್ರ ಗಟ್ಟಿ ಇತ್ತು. ಅದನ್ನೂ ತೆಗೆದೆ. ಅರ್ಧ ಹಳೆಯದು ಅರ್ಧ ಹೊಸದು ಅಂತ ಜೋಡಿಸಿದರೆ ಆ ಜಾಗವೇ ಮುಂದೆ ಬಿರುಕು ಬಿಡುತ್ತೆ. ನೆಲದ ಕೆಳಗೆ ತುಂಬಿದ್ದ ಹಳದಿ ಫೋಮ್ ಕೂಡ ನೀರು ಕುಡಿದು ಕೂತಿತ್ತು. ಬೋಟು ಮುಳುಗದೆ ತೇಲಲಿ ಅಂತ ಹಾಕಿದ ಫೋಮ್ ಅದು. ವರ್ಷಗಟ್ಟಲೆ ನೀರಲ್ಲಿ ನೆನೆದರೆ ಅದೇ ಭಾರ ಆಗುತ್ತೆ. ಒಂದು ತುಂಡು ಹಿಂಡಿದೆ, ನೀರು ಸುರಿಯಿತು.

ಆಮೇಲೆ ಎರಡು ತಿಂಗಳು ನಾನು ಬೋಟಿಗೆ ಏನೂ ಮಾಡಲಿಲ್ಲ. ಒಣಗಲು ಬಿಟ್ಟೆ, ಅಷ್ಟೇ.

ಈ ಭಾಗದಲ್ಲಿ ಆತುರ ಪಡುವವರೇ ಜಾಸ್ತಿ. ಒಳಗೆ ತೇವ ಇರುವಾಗ ಹೊಸ ಪದರ ಕೂರಿಸಿದರೆ ಅಂಟು ಹಿಡಿಯಲ್ಲ, ನೀರೂ ಒಳಗೇ ಸಿಕ್ಕಿಕೊಳ್ಳುತ್ತೆ. ತಿಪಟೂರು ಕಡೆ ಕೊಬ್ಬರಿ ಮಾಡುವವರನ್ನ ನೋಡಿ. ಕಾಯಿ ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಸುಮ್ಮನಿರುತ್ತಾರೆ. ಒಳಗೆ ಗಿಟುಕು ಬಿಟ್ಟುಕೊಂಡು ಗಡಗಡ ಅಂದಾಗಲೇ ಒಡೆಯುವುದು. ನಮ್ಮಪ್ಪ ಬದುಕೆಲ್ಲ ಅದೇ ಕೆಲಸ ಮಾಡಿದವರು. ಆ ತಾಳ್ಮೆ ನನಗೆ ಅವರಿಂದ ಬಂದಿದ್ದು. ಹಗಲು ಬೋಟನ್ನ ಬಿಸಿಲಿಗೆ ತಳ್ಳುವುದು, ಸಂಜೆ ಒಳಗೆ ಎಳೆದು 200 ವ್ಯಾಟಿನ ಎರಡು ಬಲ್ಬ್ ಹಾಕಿ, ಒಂದು ಹಳೇ ಫ್ಯಾನ್ ಬಿಡುವುದು. ಬೆಂಕಿ ಹಚ್ಚಿ ಕಾಯಿಸುವ ಗೋಜಿಗೆ ಹೋಗಲಿಲ್ಲ.

ಒಣಗಿದೆಯಾ ಅಂತ ನೋಡಲು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಒಂದು ಚೌಕ ಸಾಕು. ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಬೇಕು. ಮಾರನೇ ದಿನ ಹಾಳೆಯ ಒಳಗಡೆ ಬೆವರು ಕಂಡರೆ ಇನ್ನೂ ತೇವ ಇದೆ. ಫೆಬ್ರವರಿ ಪೂರ್ತಿ ಬೆವರು ಕಾಣುತ್ತಲೇ ಇತ್ತು. ಮಾರ್ಚ್ ಮೂರನೇ ವಾರ ಹಾಳೆ ಒಣಗಿಯೇ ಇತ್ತು. ಇನ್ನೂ ಒಂದು ವಾರ ಕಾದು ಮತ್ತೆ ವೇಬ್ರಿಡ್ಜಿಗೆ ಒಯ್ದೆವು. 640 ಕೆ.ಜಿ. ಕೊಳೆತ ಮರ, ಫೋಮ್, ನೀರು ಸೇರಿ 150 ಕೆ.ಜಿ ಹೋಗಿತ್ತು. ಎರಡು ಜನರ ಭಾರವನ್ನ ಆ ಬೋಟು ಸುಮ್ನೆ ಹೊತ್ತು ತಿರುಗುತ್ತಿತ್ತು. ಫೋನಿನಲ್ಲಿ ಹೇಳಿದಾಗ ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಲ್ಲೇ ಇಟ್ಟಿದ್ದರೆ ಮುಂದಿನ ಮಳೆಗಾಲ ಬಂದರೂ ಒಣಗ್ತಿರಲಿಲ್ಲ ಮಾರಾಯ" ಅಂದರು.

ಏಪ್ರಿಲ್‌ನಲ್ಲಿ ಹೊಸ ಟ್ರಾನ್ಸಮ್. ಮರಕ್ಕೆ ಐಎಸ್ 710 ಅನ್ನುವ ಸರ್ಕಾರಿ ಮಾನಕದ ಗುರುತಿರುವ 18 ಎಂಎಂ ಮೆರೈನ್ ಪ್ಲೈವುಡ್ ಎರಡು ಹಾಳೆ, ಅಂಟಿಸಿದರೆ 36 ಎಂಎಂ. ಹಾಳೆಯ ಮೇಲೆ ಮುದ್ರೆ ನೋಡಿಯೇ ತಗೊಳ್ಳಿ. ಅಡುಗೆಮನೆ ಕಪಾಟಿಗೆ ಹಾಕುವ ಮಾಮೂಲಿ ಪ್ಲೈವುಡ್ ಇಲ್ಲಿ ನಡೆಯಲ್ಲ.

ಅಂಟಿಗೆ ಏನು ಹಾಕಬೇಕು ಅಂತ ತುಂಬಾ ಯೋಚನೆ ಮಾಡಿದೆ. ನೀರಿನ ತೊಟ್ಟಿ, ಶೀಟು ಮಾಡುವವರೆಲ್ಲ ಪಾಲಿಯೆಸ್ಟರ್ ರೆಸಿನ್ ಅನ್ನುವ ಅಂಟು ದ್ರವ ಬಳಸುತ್ತಾರೆ, ಅದು ಅಗ್ಗ. ಆದರೆ ಮರಕ್ಕೂ ಹಳೇ ಫೈಬರಿಗೂ ಎಪಾಕ್ಸಿ ಅನ್ನುವ ಇನ್ನೊಂದು ಅಂಟು ಹಿಡಿಯುವಷ್ಟು ಗಟ್ಟಿಯಾಗಿ ಅದು ಹಿಡಿಯಲ್ಲ. ಹಾಗಾಗಿ ಟ್ರಾನ್ಸಮ್ ಪೂರ್ತಿ ಎಪಾಕ್ಸಿ, ನೆಲಕ್ಕೆ ಪಾಲಿಯೆಸ್ಟರ್ ಅಂತ ತೀರ್ಮಾನ ಮಾಡಿದೆ. ಎಪಾಕ್ಸಿಗೆ ಚಾಪೆಯಂತಿರುವ ಗ್ಲಾಸ್ ಮ್ಯಾಟ್ ಬೇಡ, ನೇಯ್ದ ಗಾಜಿನ ಬಟ್ಟೆ ಬೇಕು. ಮ್ಯಾಟಿನ ಎಳೆ ಹಿಡಿದಿಟ್ಟ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್ ಅನ್ನುವ ದ್ರವಕ್ಕೆ ಕರಗುತ್ತೆ, ಎಪಾಕ್ಸಿಗೆ ಕರಗಲ್ಲ.

ಬೆರೆಸುವ ವಿಷಯದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಇದೆ. ಎಪಾಕ್ಸಿಗೆ ಡಬ್ಬದ ಮೇಲೆ ಬರೆದ ಅಳತೆಯೇ ಅಳತೆ. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್ನರ್ ಜಾಸ್ತಿ ಹಾಕಿದರೆ ಯಾವತ್ತೂ ಸರಿಯಾಗಿ ಗಟ್ಟಿಯಾಗಲ್ಲ. ಪಾಲಿಯೆಸ್ಟರಿಗೆ ಅದನ್ನ ಗಟ್ಟಿ ಮಾಡುವ ಕ್ಯಾಟಲಿಸ್ಟನ್ನ ನೂರಕ್ಕೆ ಒಂದರಿಂದ ಎರಡರ ತನಕ ಸೆಕೆ ನೋಡಿಕೊಂಡು ಬದಲಿಸಬಹುದು. ಏಪ್ರಿಲ್ ಬಿಸಿಲಿಗೆ ನಾನು ಒಂದೇ ಹಾಕಿದೆ. ಕೆಲವು ಅಂಗಡಿಯಲ್ಲಿ ಗಟ್ಟಿಯಾಗುವುದನ್ನ ಚುರುಕು ಮಾಡುವ ನೇರಳೆ ಬಣ್ಣದ ಕೋಬಾಲ್ಟ್ ಬೇರೆ ಬಾಟಲಿಯಲ್ಲಿ ಕೊಡುತ್ತಾರೆ. ಅದನ್ನ ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಕ್ಯಾಟಲಿಸ್ಟ್. ಕೋಬಾಲ್ಟ್ ಮತ್ತು ಕ್ಯಾಟಲಿಸ್ಟ್ ಎರಡನ್ನೇ ನೇರವಾಗಿ ಒಂದಕ್ಕೊಂದು ಸೇರಿಸಲೇಬಾರದು. ಸಿಡಿಯುತ್ತೆ, ಬೆಂಕಿ ಹೊತ್ತಿಕೊಳ್ಳುತ್ತೆ. ನಾನು ಎರಡು ಬಾಟಲಿಯನ್ನ ಶೆಡ್ಡಿನ ಎರಡು ಮೂಲೆಯಲ್ಲಿ ಇಟ್ಟಿದ್ದೆ.

ಒಂದು ದಿನ ತಪ್ಪು ಮಾಡಿದೆ. ಬೆಳಿಗ್ಗೆ ಹತ್ತು ಗಂಟೆಗೆ ಒಂದೇ ಬಕೆಟ್ಟಿನಲ್ಲಿ ಎರಡು ಕೆ.ಜಿ ಎಪಾಕ್ಸಿ ಕಲಸಿದೆ. ಕಾಲು ಭಾಗ ಬಳಿಯುವಷ್ಟರಲ್ಲಿ ಬಕೆಟ್ ಕೈ ಸುಡುವಷ್ಟು ಬಿಸಿ. ಹೊಗೆ ಎದ್ದಿತು. ಬಕೆಟ್ಟನ್ನ ಅಂಗಳಕ್ಕೆ ಎಸೆದೆ. ಗಟ್ಟಿಯಾಗುವಾಗ ಎಪಾಕ್ಸಿ ತಾನೇ ಶಾಖ ಹುಟ್ಟಿಸುತ್ತೆ, ಬಕೆಟ್ಟಿನಲ್ಲಿ ರಾಶಿಯಾಗಿದ್ದರೆ ಆ ಶಾಖ ಹೊರಗೆ ಹೋಗಲ್ಲ. ಅವತ್ತಿಂದ ಅರ್ಧ ಕೆ.ಜಿ ಮಾತ್ರ, ಅಗಲದ ತಟ್ಟೆಯಲ್ಲಿ, ಬೆಳಿಗ್ಗೆ ಆರರಿಂದ ಎಂಟೂವರೆ ಒಳಗೆ. ಗಟ್ಟಿಯಾದ ಮೇಲೆ ಮೇಲ್ಮೈ ಮೇಲೆ ಮೇಣದ ತರಹ ಜಿಡ್ಡು ಬರುತ್ತೆ. ನೀರು ಹಾಕಿ ಉಜ್ಜಿ ತೊಳೆದು, ಒಣಗಿಸಿ, ಉಪ್ಪುಕಾಗದ ಹಾಕಿದ ಮೇಲೇ ಮುಂದಿನ ಪದರ.

ಈಗ ತೂತಿನ ವಿಷಯ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ. ಇಂಜಿನ್ ಕೂರಿಸಲು ನಾಲ್ಕು 12 ಎಂಎಂ ಬೋಲ್ಟ್ ಬೇಕು. 13 ಎಂಎಂ ತೂತು ಕೊರೆದು ಬೋಲ್ಟ್ ಹಾಕಿದರೆ ಬೋಲ್ಟಿನ ಸುತ್ತ ಬರೀ ಮರ. ಅಂಟು ಒಂದು ದಿನ ಬಿರುಕು ಬಿಟ್ಟರೆ ಹಳೇ ಕತೆ ಮತ್ತೆ ಶುರು. ಅದಕ್ಕೆ ಮೊದಲು 22 ಎಂಎಂ ತೂತು ಕೊರೆದೆ. ಅದರೊಳಗಿನ ಮರಕ್ಕೆ ತೆಳು ಎಪಾಕ್ಸಿ ಕುಡಿಸಿದೆ. ಎಪಾಕ್ಸಿಗೆ ಸಿಲಿಕಾ ಪುಡಿ ಕಲಸಿ ಚಪಾತಿ ಹಿಟ್ಟಿಗಿಂತ ಸ್ವಲ್ಪ ಮೆದು ಮಾಡಿ ತೂತಿಗೆ ಪೂರ್ತಿ ತುಂಬಿದೆ. ಎರಡು ದಿನ ಬಿಟ್ಟು ಅದರ ನಡುವೆ 13 ಎಂಎಂ ಕೊರೆದೆ. ಈಗ ಬೋಲ್ಟಿನ ಸುತ್ತ ನಾಲ್ಕೂವರೆ ಎಂಎಂ ಎಪಾಕ್ಸಿ ಗೋಡೆ. ನೀರು ಬಂದರೂ ಮರ ಮುಟ್ಟಲು ದಾರಿ ಇಲ್ಲ. ಅದರ ಮೇಲೆ ಪಾಲಿಯುರಿಥೇನ್ ಸೀಲೆಂಟ್. ನೀರಿನ ಕೆಳಗೆ ಸಿಲಿಕೋನ್ ಹಾಕಬೇಡಿ, ಅದರ ಹಿಡಿತ ಸಾಲದು. ಬೋಟಿನಲ್ಲಿ ಇರುವ ಪ್ರತಿ ತೂತಿಗೂ, ಒಂದು ಸಣ್ಣ ಕೊಕ್ಕೆಯ ಸ್ಕ್ರೂ ಸಹ ಬಿಡದೆ, ಹೀಗೇ ಮಾಡಿದೆ. ಲೆಕ್ಕ ಇಟ್ಟಿದ್ದೆ, 64 ತೂತು. ಮೀನು ತೋರಿಸುವ ಸೆನ್ಸರಿಗೆ ಮಾತ್ರ ತೂತೇ ಇಲ್ಲ. ದಪ್ಪ ಪ್ಲಾಸ್ಟಿಕ್ ಹಲಗೆಯೊಂದನ್ನ ಟ್ರಾನ್ಸಮ್‌ಗೆ ಅಂಟಿಸಿ, ಆ ಹಲಗೆಗೆ ಸ್ಕ್ರೂ ಹಾಕಿದೆ.

ಇಂಜಿನ್ ಕೆಲಸ ಅಷ್ಟು ಕಷ್ಟ ಇರಲಿಲ್ಲ. ಮೂರು ಸಿಲಿಂಡರಿನ ಕಂಪ್ರೆಶನ್, ಅಂದರೆ ಒಳಗಿನ ಗಾಳಿಯ ಒತ್ತಡ, ಹೆಚ್ಚುಕಮ್ಮಿ ಒಂದೇ ಇತ್ತು, ಅದು ದೊಡ್ಡ ಸಮಾಧಾನ. ಗೇರ್ ಆಯಿಲ್ ಬಿಟ್ಟರೆ ಹಾಲು ಹಾಕಿದ ಕಾಫಿ ಬಣ್ಣ, ನೀರು ಸೇರಿದೆ ಅಂತ ಅರ್ಥ. ಪ್ರೊಪೆಲ್ಲರ್ ಬಿಚ್ಚಿದರೆ ಹಿಂದೆ ಗಾಳದ ನೈಲಾನ್ ದಾರ ಸುತ್ತಿಕೊಂಡು ಸೀಲನ್ನ ಕೊಯ್ದಿತ್ತು. ಮೀನು ಹಿಡಿಯುವವರು ವರ್ಷಕ್ಕೆ ಎರಡು ಸಲವಾದರೂ ಪ್ರೊಪೆಲ್ಲರ್ ಬಿಚ್ಚಿ ನೋಡಬೇಕು. ನೀರೆಳೆಯುವ ರಬ್ಬರ್ ಇಂಪೆಲ್ಲರಿನ ಎರಡು ರೆಕ್ಕೆ ಮುರಿದಿತ್ತು. ಹೊಸದು ಹಾಕಿದರೆ ಮುಗಿಯಲಿಲ್ಲ, ಮುರಿದ ಎರಡು ತುಂಡು ಎಲ್ಲಿ ಅಂತ ಹುಡುಕಬೇಕು. ಒಂದು ಪಂಪಿನ ಮೇಲಿನ ಪೈಪಿನಲ್ಲಿ, ಇನ್ನೊಂದು ಥರ್ಮೋಸ್ಟಾಟ್ ಬಾಯಲ್ಲಿ ಸಿಕ್ಕಿತು. ಬಿಟ್ಟಿದ್ದರೆ ತಂಪು ನೀರಿನ ದಾರಿ ಕಟ್ಟಿ ಇಂಜಿನ್ ಕಾದು ಕೂರುತ್ತಿತ್ತು. ತುಕ್ಕು ತಾನು ತಿಂದು ಇಂಜಿನ್ ಉಳಿಸುವ ಆನೋಡ್ ಅನ್ನುವ ಲೋಹದ ತುಂಡಿನ ಮೇಲೆ ಯಾರೋ ಅಂದಕ್ಕೆ ಬಣ್ಣ ಬಳಿದಿದ್ದರು. ಬಣ್ಣ ಬಳಿದ ಆನೋಡ್ ಕೆಲಸ ಮಾಡಲ್ಲ. ನದಿ ನೀರು, ಉಪ್ಪು ನೀರು ಎರಡರಲ್ಲೂ ಓಡುವ ಬೋಟು ಅಂತ ಅಲ್ಯೂಮಿನಿಯಂ ಆನೋಡ್ ಹಾಕಿದೆ.

ಟ್ಯಾಂಕಿನ ಹಳೇ ಪೆಟ್ರೋಲ್ ತೆಗೆದು ಗಾಜಿನ ಬಾಟಲಿಯಲ್ಲಿಟ್ಟೆ. ಮಾರನೇ ದಿನ ಕೆಳಗೆ ಬೇರೆ ಪದರ. ಈಗ ಬರುವ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್. ಅದು ಗಾಳಿಯ ತೇವ ಎಳೆದುಕೊಳ್ಳುತ್ತೆ, ಜಾಸ್ತಿ ಆದಾಗ ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತೆ. ನೀರು ಬೇರ್ಪಡಿಸುವ ಫಿಲ್ಟರ್ ಹಾಕಿದ್ದೇನೆ. ತಿಂಗಳುಗಟ್ಟಲೆ ಬೋಟು ನಿಲ್ಲಿಸುವಾಗ ಟ್ಯಾಂಕ್ ಖಾಲಿ ಮಾಡುತ್ತೇವೆ.

ವೈರಿಂಗ್ ನನ್ನದೇ ಕೆಲಸ ಆದ್ದರಿಂದ ಹಳೆಯದೆಲ್ಲ ಕಿತ್ತು ಹಾಕಿದೆ. ತಿರುಚಿ ಟೇಪ್ ಸುತ್ತಿದ ಜಾಯಿಂಟುಗಳೆಲ್ಲ ಹಸಿರು ಹಿಡಿದಿದ್ದವು. ನೀರು ಹೊರಹಾಕುವ ಬಿಲ್ಜ್ ಪಂಪಿನ ಹತ್ತಿರ ವೋಲ್ಟೇಜು 10.9 ಇತ್ತು. ತವರ ಲೇಪದ ತಾಮ್ರದ ವೈರ್, ವೈರಿನ ತುದಿಗೆ ಒತ್ತಿದ ಲಗ್, ಒಳಗೆ ಅಂಟಿರುವ ಕುಗ್ಗುವ ಕೊಳವೆ ಹಾಕಿದ ಮೇಲೆ 12.3. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನ ಒಳಗೇ ಇರಬೇಕು. ಬಿಲ್ಜ್ ಪಂಪಿಗೆ ಮಾತ್ರ ಮೇನ್ ಸ್ವಿಚ್ ತಪ್ಪಿಸಿ ಬೇರೆ ಫ್ಯೂಸಿನಿಂದ ನೇರ ಲೈನ್. ನಾವು ಇಲ್ಲದಾಗಲೂ ನೀರು ಏರಿದರೆ ಅದು ತಾನೇ ಓಡಬೇಕಲ್ವಾ?

ಇನ್ನು ಕೂರುವ ಜಾಗ. ಅಮ್ಮನಿಗೆ 71. ಬೋಟು ತೋರಿಸಿದಾಗ ಒಂದೇ ಮಾತು ಹೇಳಿದ್ದರು, "ನನ್ನ ಮಂಡಿಗೆ ಆಗಲ್ಲ ಕಣಪ್ಪ." ಹಳೇ ಸೀಟು ನೆಲದಿಂದ 30 ಸೆಂ.ಮೀ ಮಾತ್ರ. ಅಲ್ಲಿಂದ ಏಳಲು ಅವರಿಗೆ ಸಾಧ್ಯವೇ ಇಲ್ಲ. ಅಮ್ಮ ದಿನಾ ಹೂ ಕಟ್ಟಲು ಕೂರುವ ಕುರ್ಚಿಯ ಅಳತೆ ತೆಗೆದೆ, 44 ಸೆಂ.ಮೀ. ಹಿಂದಿನ ಸೀಟು ಅಷ್ಟೇ ಎತ್ತರ ಮಾಡಿದೆ. ಒರಗಲು ಬೆನ್ನು, ಎರಡೂ ಕಡೆ ಹಿಡಿಯಲು ಸ್ಟೀಲ್ ಪೈಪ್. ದಡದಿಂದ ಕಾಲಿಡುವ ಕಡೆ ಎರಡು ಮೆಟ್ಟಿಲು, ಒಂದೊಂದು ಒಂದೇ ಗೇಣು. ಮೆತ್ತೆಗೆ ಮೊದಲು ನಮ್ಮ ಕಡೆಯ ತೆಂಗಿನ ನಾರಿನ ಹಾಸು ಹಾಕಿಸಿದೆ. ನೀರು ಚೆಲ್ಲಿ ನೋಡಿದರೆ ಒಣಗಲು ಎರಡು ದಿನ. ಉಪ್ಪು ನೀರಿಗೆ ಇನ್ನೂ ಜಾಸ್ತಿ. ಬಿಟ್ಟು, ನೀರು ಕುಡಿಯದ ಫೋಮ್ ಹಾಕಿಸಿದೆ. ಬಸ್ ಸೀಟು ಹೊಲೆಯುವವರೇ ಕವರ್ ಹೊಲಿದರು. ಆ ನಾರು ವ್ಯರ್ಥ ಆಗಲಿಲ್ಲ. ದಡಕ್ಕೆ ತಾಗದಂತೆ ಪಕ್ಕದಲ್ಲಿ ನೇತು ಹಾಕುವ ಉಂಡೆಗಳಿಗೆ ಸುತ್ತಿದೆವು.

ನೆರಳಿನ ಚೌಕಟ್ಟಿಗೆ ಗೇಟು ಮಾಡುವವರ ಹತ್ತಿರ ಇದ್ದಿದ್ದು 202, 304 ದರ್ಜೆಯ ಸ್ಟೀಲ್. ಉಪ್ಪು ಗಾಳಿಗೆ 304 ಕೂಡ ಕಂದು ಕಲೆ ಬಿಡುತ್ತೆ. 316 ಪೈಪ್ ಬೆಂಗಳೂರಿನಿಂದ ಬಿಲ್ಲು ಸಮೇತ ತರಿಸಿದೆ. ಅಯಸ್ಕಾಂತ ಹಿಡಿದರೆ 304 ಯಾವುದು, 316 ಯಾವುದು ಗೊತ್ತಾಗಲ್ಲ, ಅದಕ್ಕೇ ಬಿಲ್ಲು.

ಸೆಪ್ಟೆಂಬರಿನಲ್ಲಿ ಹೇಮಾವತಿ ನೀರು ಬಂದು ಗುಬ್ಬಿ ಕಡೆಯ ನಮ್ಮ ಅಜ್ಜಿ ಊರಿನ ಕೆರೆ ತುಂಬಿತು. ಮೀನಿನ ಗುತ್ತಿಗೆ ಹಿಡಿದವರನ್ನೂ ಪಂಚಾಯಿತಿಯವರನ್ನೂ ಕೇಳಿ, ಅವರು ಹೇಳಿದ ಹೊತ್ತಿಗೆ ಅರ್ಧ ಗಂಟೆ ಮಾತ್ರ ಇಳಿಸಿದೆವು. ದನ ನೀರು ಕುಡಿಯುವ ಕಡೆಯಿಂದ ದೂರ. ಪೂರ್ತಿ ವೇಗ ಕೊಟ್ಟಾಗ ಇಂಜಿನ್ ನಿಮಿಷಕ್ಕೆ 4,900 ಸುತ್ತಿಗೆ ನಿಂತಿತು. ಇದಕ್ಕೆ 5,000ದಿಂದ 6,000 ಬರಬೇಕು. ಪ್ರೊಪೆಲ್ಲರ್ ಬದಲಿಸಬೇಕಾ ಅಂತ ಅನುಮಾನ ಬಂತು. ಆದರೆ ನಾವು ಸಮುದ್ರಕ್ಕಿಂತ ಸುಮಾರು 800 ಮೀಟರ್ ಮೇಲೆ ಇದ್ದೇವೆ. ಗಾಳಿ ತೆಳು. ಪ್ರತಿ 300 ಮೀಟರಿಗೆ ಇಂಜಿನ್ ಶಕ್ತಿ ನೂರಕ್ಕೆ ಮೂರರಷ್ಟು ಇಳಿಯುತ್ತೆ. ಹಾಗಾಗಿ ಪ್ರೊಪೆಲ್ಲರ್ ಮುಟ್ಟಲಿಲ್ಲ. ಅಕ್ಟೋಬರಿನಲ್ಲಿ ಬೋಟು ಘಾಟಿ ಇಳಿಯಿತು. ಕರಾವಳಿಯ ಹಂಗಾರಕಟ್ಟೆಯಲ್ಲಿ ಅದೇ ಪ್ರೊಪೆಲ್ಲರಿಗೆ 5,350 ಬಂತು.

ಅಮ್ಮ ಹತ್ತಿದ್ದು ನವೆಂಬರಿನ ಎರಡನೇ ಭಾನುವಾರ. ಅಕ್ಕ, ಭಾವ, ನನ್ನ ಹೆಂಡತಿ, ಇಬ್ಬರು ಮಕ್ಕಳು, ನಾನು. ಎಲ್ಲರಿಗೂ ಅವರವರ ಅಳತೆಯ ಲೈಫ್ ಜಾಕೆಟ್. ಅಮ್ಮ ಎರಡು ಮೆಟ್ಟಿಲು ತಾವೇ ಇಳಿದು, ಪೈಪ್ ಹಿಡಿದು ಕೂತರು. ಸೀತಾ ನದಿಯೂ ಸ್ವರ್ಣಾ ನದಿಯೂ ಸೇರುವ ಕೋಡಿ ಬೆಂಗ್ರೆ ತನಕ ಹೋದೆವು. ಅಳಿವೆ ಬಾಗಿಲಲ್ಲಿ ಅಲೆ ಮುರಿಯುವುದು ದೂರದಿಂದಲೇ ಕಾಣುತ್ತಿತ್ತು. ಭಾವ ಇಂಜಿನ್ ನಿಧಾನ ಮಾಡಿ, "ಇದಕ್ಕಿಂತ ಮುಂದೆ ಬೇಡ, ಅತ್ತೆ ಇದ್ದಾರೆ" ಅಂದರು. ಅಲ್ಲೇ ಲಂಗರು ಹಾಕಿ, ಗಾಳಕ್ಕೆ ಸಿಗಡಿ ಚುಚ್ಚಿ ಕೂತೆವು. ಒಂಬತ್ತು ಕಾಣೆ ಮೀನು ಸಿಕ್ಕಿತು. ಅದರಲ್ಲಿ ಮೂರನ್ನ ಮಗಳೇ ಎಳೆದಳು. ಅಮ್ಮ ಅಲ್ಲೇ ಒರಗಿಕೊಂಡು ಒಂದು ಗಂಟೆ ನಿದ್ದೆ ಮಾಡಿದರು.

ಸಂಜೆ ಬೋಟು ಮೇಲೆ ಎಳೆದ ಮೇಲೆ ತಳದ ಬಿರಡೆ ತೆಗೆದೆ. ಒಂದು ಲೋಟದಷ್ಟು ನೀರು ಬಂತು. ಎದೆ ಹೊಡೆದುಕೊಂಡಿತು. ಬೆರಳಿಗೆ ತಗೊಂಡು ನಾಲಿಗೆಗೆ ಮುಟ್ಟಿಸಿದೆ. ಉಪ್ಪಿಲ್ಲ, ಸಪ್ಪೆ. ಮೀನಿನ ಐಸ್ ಡಬ್ಬಿ ಎತ್ತಿ ನೋಡಿದರೆ ಅದರ ಕೆಳಗಿನ ಮೂಲೆ ಸೀಳಿತ್ತು. ಮುಂದಿನ ಸಲ ಹೋಗುವ ಮೊದಲು ಹೊಸ ಡಬ್ಬಿ ತರಬೇಕು.